ಅಜ್ಜಿಗೆ ಮೋಕ್ಷವುಂಟೆ?

ಮೆಟ್ರೋ ರೈಲಿನಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಪೂರ್ವಕ್ಕೆ ಹೊರಟರೆ ಮೊದಲು ಸಿಗುವ ನಿಲ್ದಾಣ ಟ್ರಿನಿಟಿ. ಆಮೇಲೆ ಹಲಸೂರು, ಅದರಾಚೆ ಇಂದಿರಾನಗರ. ಕಚೇರಿಗೆ ಹೋಗುವ ಸಾವಿರಾರು ಜನ ದಿನಾ ಆ ಹೆಸರು ಕೇಳಿ ಇಳಿಯುತ್ತಾರೆ, ಹತ್ತುತ್ತಾರೆ. ಅದು ಹತ್ತಿರದಲ್ಲೇ ಇರುವ ಹಳೆಯ ಹೋಲಿ ಟ್ರಿನಿಟಿ ದೇವಾಲಯದಿಂದ ಬಂದ ಹೆಸರು. ದೇವರು ಒಬ್ಬನೇ, ಆದರೂ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ಎನ್ನುವ ತತ್ತ್ವವೇ ಟ್ರಿನಿಟಿ. ಈ ಮೂವರಲ್ಲಿ ಮಗನು ತಂದೆಗೆ ಸಮಾನನೋ, ಒಂದು ಮೆಟ್ಟಿಲು ಕೆಳಗಿನವನೋ ಎಂಬ ಜಗಳವನ್ನು ತೀರಿಸಲೆಂದು 325ರಲ್ಲಿ ನೈಸಿಯ ಎಂಬ ಊರಿನಲ್ಲಿ ಬಿಷಪರೆಲ್ಲ ಸೇರಿದ್ದರು. ಜಗಳ ಅಲ್ಲಿಗೇ ತೀರಲಿಲ್ಲವೆಂಬುದು ಬೇರೆ ಮಾತು. ಅಷ್ಟು ವಾದ ನಡೆದ ಹೆಸರನ್ನು ಈಗ ಯಂತ್ರದ ಧ್ವನಿಯೊಂದು ಯಾವ ಆಕ್ಷೇಪಣೆಗೂ ಕಾಯದೆ ಸಾರಿ ಮುಂದೆ ಹೋಗುತ್ತದೆ.

ನಮ್ಮ ದಂಡಿನ ಪ್ರದೇಶದಲ್ಲಿ ಇಂಥ ವಾದಗಳು ಕಲ್ಲುಗಾರೆಯ ಕಟ್ಟಡಗಳಾಗಿ ನಿಂತಿವೆ. ಸೇಂಟ್ ಮಾರ್ಕ್ಸ್ ಕೆಥೀಡ್ರಲ್ಲಿಗೂ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ದೇವಾಲಯಕ್ಕೂ ನಡುವೆ ಹತ್ತು ನಿಮಿಷದ ನಡಿಗೆ ಇರಬಹುದು. ಆದರೆ ಒಂದು ಬಿಷಪರುಳ್ಳ ಇಂಗ್ಲಿಷರ ಸಭೆಯದು, ಇನ್ನೊಂದು ಬಿಷಪರೇ ಬೇಡವೆಂದ ಸ್ಕಾಟರ ಸಭೆಯದು. ಆ ಹತ್ತು ನಿಮಿಷದ ದಾರಿಯಲ್ಲಿ ಶತಮಾನಗಳ ವಿವಾದ ಬಿದ್ದಿತ್ತು. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿ ಹಲವು ಪಂಗಡಗಳು ಒಂದಾದವು. ಈಗ ಈ ಎರಡು ದೇವಾಲಯಗಳೂ ಆ ಒಂದೇ ಸಭೆಗೆ ಸೇರಿವೆ. ಸ್ವಾತಂತ್ರ್ಯ ಬಂದ ಆರು ವಾರಕ್ಕೆ ನಡೆದ ಈ ಒಗ್ಗಟ್ಟು ಎಲ್ಲೂ ದೊಡ್ಡ ಸುದ್ದಿಯಾಗಿ ಉಳಿದಿಲ್ಲ.

ಇಂಥ ವಿವಾದಗಳನ್ನು ಪಂಡಿತರ ಪಾಲಿಗೆ ಬಿಟ್ಟು ನಮ್ಮಂಥವರು ಊಟಮಾಡಿ ಮಲಗಬಹುದು. ಮೂರು ಒಂದಾಗುವುದು ಹೇಗೆಂದು ತಿಳಿಯದಿದ್ದರೂ ಸಂಸಾರ ನಡೆಯುತ್ತದೆ. ಆದರೆ ಒಂದು ವಿವಾದ ಮಾತ್ರ ಹಾಗೆ ಬೀದಿಯಲ್ಲಿ ನಿಲ್ಲದೆ ನೇರವಾಗಿ ನಮ್ಮ ಮನೆಯ ಅಡಿಗೆಯ ಕೋಣೆಗೇ ಬಂತು. ಧರ್ಮಸಭೆಯ ಹೊರಗೆ ಇರುವವರಿಗೆ ಮೋಕ್ಷ ಉಂಟೆ, ಇಲ್ಲವೆ ಎಂಬುದೇ ಆ ವಿವಾದ.

ಸಭೆಯ ಹೊರಗೆ ರಕ್ಷಣೆಯಿಲ್ಲ ಎಂಬ ಮಾತನ್ನು ಮೂರನೆಯ ಶತಮಾನದಲ್ಲಿ ಬಳಕೆಗೆ ತಂದವರು ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್. ಅವರ ಕಣ್ಣಮುಂದೆ ಇದ್ದವರು ಹಲಸೂರಿನ ಶಿವಭಕ್ತರಲ್ಲ. ಸಭೆಯನ್ನು ಒಡೆದುಕೊಂಡು ಹೋದ ಸ್ವಂತ ಜನ. ಮನೆಬಿಟ್ಟು ಹೊರಟ ಮಕ್ಕಳಿಗೆ ತಂದೆ ಹೇಳುವ ಗದರಿಕೆಯಂತಿತ್ತು ಅದು. ಕಾಲ ಕಳೆದಂತೆ ಗದರಿಕೆ ಸೂತ್ರವಾಯಿತು. ಸೂತ್ರವು ಆ ಮನೆಯನ್ನೇ ಎಂದೂ ಕಾಣದ ಜನಕ್ಕೂ ಅನ್ವಯಿಸಿತು.

ನಮ್ಮದು ಹಲಸೂರಿನ ಕ್ಯಾಥೊಲಿಕ ಮನೆ. ತಂದೆಯವರ ಕಡೆಯವರು ಮೂರು ತಲೆಮಾರಿನಿಂದ ಕ್ರೈಸ್ತರು. ತಾಯಿ ಮದುವೆಯ ಕಾಲಕ್ಕೆ ಜ್ಞಾನಸ್ನಾನ ಪಡೆದವರು. ಈಗ ದೀಕ್ಷಾಸ್ನಾನ ಎನ್ನುವುದನ್ನು ಆಗ ನಾವು ಹಾಗೆನ್ನುತ್ತಿದ್ದೆವು. ತಾಯಿಯ ತಾಯಿ, ನಮ್ಮ ಅಜ್ಜಿ, ಕೃಷ್ಣರಾಜಪುರದ ಕಡೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ನಿಂತರು. ಸೋಮವಾರ ಹಲಸೂರಿನ ಸೋಮೇಶ್ವರನ ಗುಡಿಗೆ ಹೋಗುವುದನ್ನು ತಪ್ಪಿಸಿದವರಲ್ಲ. ಸೆಪ್ಟೆಂಬರ್ 8ರಂದು ಶಿವಾಜಿನಗರದ ಮರಿಯಮ್ಮನವರ ಹಬ್ಬಕ್ಕೂ ನಮ್ಮೊಡನೆ ಬಂದು ಮೇಣದಬತ್ತಿ ಹಚ್ಚುತ್ತಿದ್ದರು. ಅಲ್ಲಿ ಅವರೊಬ್ಬರೇ ಏನೂ ಅಲ್ಲ. ಆ ತೇರಿನ ದಿನ ಎಲ್ಲ ಮತದವರೂ ಅಲ್ಲಿ ಸೇರುವುದು ಇಂದಿಗೂ ಇದೆ. ಯಾರೋ ಒಬ್ಬರು, ಮಗಳಂತೆ ನೀವೂ ಏಕೆ ಸೇರಬಾರದು ಎಂದು ಕೇಳಿದಾಗ ಅಜ್ಜಿ ಹೇಳಿದರಂತೆ: “ನಮ್ಮ ದೇವರು ನನಗೇನು ಕೇಡು ಮಾಡವ್ನೆ, ಬಿಟ್ಟು ಬರಾಕೆ?”

ಸಂಜೆ ದೀಪ ಹಚ್ಚಿದ ಮೇಲೆ ನಾನು ಜ್ಞಾನೋಪದೇಶದ ಪ್ರಶ್ನೋತ್ತರಗಳನ್ನು ಗಟ್ಟಿಯಾಗಿ ಬಾಯಿಪಾಠ ಮಾಡಬೇಕಾಗಿತ್ತು. ಪ್ರಶ್ನೆಯನ್ನೂ ನಾನೇ ಕೇಳಿ ಉತ್ತರವನ್ನೂ ನಾನೇ ಕೊಡುತ್ತಿದ್ದೆ. ಸಭೆಯ ಹೊರಗೆ ರಕ್ಷಣೆಯಿಲ್ಲವೆಂಬುದೂ ಆ ಪಾಠದಲ್ಲಿತ್ತು. ಮಗು ಸಾಯುವ ಸ್ಥಿತಿಯಲ್ಲಿದ್ದು ಗುರುಗಳು ಹತ್ತಿರವಿಲ್ಲದಿದ್ದರೆ ಯಾರು ಬೇಕಾದರೂ ತಲೆಯ ಮೇಲೆ ನೀರು ಸುರಿದು, ತಂದೆ, ಮಗ, ಪವಿತ್ರಾತ್ಮರ ಹೆಸರು ಹೇಳಿ ಜ್ಞಾನಸ್ನಾನ ಕೊಡಬಹುದೆಂಬುದೂ ಅದರಲ್ಲಿತ್ತು. ಅಜ್ಜಿ ಅಕ್ಕಿ ಆರಿಸುತ್ತ ಎರಡನ್ನೂ ಕೇಳುತ್ತಿದ್ದರು.

1954ರಲ್ಲಿ ನನಗೊಬ್ಬ ತಮ್ಮ ಹುಟ್ಟಿದ. ತಿಂಗಳು ತುಂಬದ ಕೂಸು. ಹೆರಿಗೆ ಮನೆಯಲ್ಲೇ ಆಗಿತ್ತು. ತಂದೆ ಡಾಕ್ಟರನ್ನು ಕರೆತರಲು ಓಡಿದ್ದರು, ತಾಯಿಗೆ ಎಚ್ಚರವಿರಲಿಲ್ಲ. ನಸುಕಿನ ಹೊತ್ತಿಗೆ ಕೂಸಿನ ಉಸಿರು ನಿಂತು ನಿಂತು ಬರತೊಡಗಿತು. ಆಗ ಅಜ್ಜಿ ತಾಮ್ರದ ಚೊಂಬಿನಿಂದ ನೀರು ತೆಗೆದು ಕೂಸಿನ ನೆತ್ತಿಯ ಮೇಲೆ ಸುರಿದು, ನನ್ನ ಬಾಯಿಂದ ನೂರು ಸಲ ಕೇಳಿದ್ದ ಮಾತುಗಳನ್ನು ಒಂದಕ್ಷರ ಬಿಡದೆ ಹೇಳಿದರು. ಬಾಗಿಲ ಸಂದಿನಲ್ಲಿ ನಿಂತಿದ್ದ ನಾನು ನೋಡಿದೆ. ತಂದೆ ಹಿಂದಿರುಗುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಮಾರನೆಯ ದಿನ ಪಾದ್ರಿಗಳು ಬಂದು ಅಜ್ಜಿಯನ್ನು ವಿಚಾರಿಸಿದರು. ಯಾವ ನೀರು? ಕುಡಿಯುವ ನೀರು. ಎಲ್ಲಿ ಸುರಿದಿರಿ? ನೆತ್ತಿಯ ಮೇಲೆ. ಏನು ಹೇಳಿದಿರಿ? ಅಜ್ಜಿ ಹೇಳಿ ತೋರಿಸಿದರು. ಏನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಮಾಡಿದಿರಿ? “ನಿಮ್ಮೋರು ಏನ್ ಮಾಡ್ತಾರೋ ಅದನ್ನೇ ಮಾಡ್ದೆ ಸ್ವಾಮಿ” ಎಂದರು ಅಜ್ಜಿ. ಪಾದ್ರಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಜ್ಞಾನಸ್ನಾನ ಸರಿಯಾಗಿ ಆಗಿದೆ, ಇನ್ನೊಮ್ಮೆ ಯೋಚಿಸಬೇಕಾದ್ದೇ ಇಲ್ಲ ಎಂದು ತಂದೆಗೆ ತಿಳಿಸಿದರು. ಕೂಸನ್ನು ಕಲ್ಪಳ್ಳಿಯಲ್ಲಿ ಕ್ರೈಸ್ತರ ನೆಲದಲ್ಲಿ, ಪ್ರಾರ್ಥನೆಗಳೊಡನೆ ಮಣ್ಣುಮಾಡಿದರು.

ಪಾದ್ರಿಗಳು ಏಕೆ ಸುಮ್ಮನಾದರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಜ್ಞಾನಸ್ನಾನ ಕೊಡುವವನಿಗೆ ಇರಬೇಕಾದ ಸಂಕಲ್ಪ ಒಂದೇ ಎಂದು ಧರ್ಮಶಾಸ್ತ್ರ ಹೇಳುತ್ತದೆ: ಸಭೆ ಏನು ಮಾಡುತ್ತದೋ ಅದನ್ನು ಮಾಡುವೆನೆಂಬ ಸಂಕಲ್ಪ. ಓದುಬರಹವಿಲ್ಲದ ಅಜ್ಜಿ ಶಾಸ್ತ್ರದ ಆ ವಾಕ್ಯವನ್ನು ಹಳ್ಳಿಯ ಮಾತಿನಲ್ಲಿ ಹೇಳಿಬಿಟ್ಟಿದ್ದರು.

ಈಗ ಒಂದು ವಿಚಿತ್ರವನ್ನು ವಾಚಕರ ಮುಂದಿಡುತ್ತೇನೆ. ಹದಿನೈದನೆಯ ಶತಮಾನದಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಒಂದು ಮಹಾಸಭೆ ನಡೆಯಿತು. ಅದು 1439ರಲ್ಲಿ ಅರ್ಮೇನಿಯದ ಕ್ರೈಸ್ತರಿಗಾಗಿ ಹೊರಡಿಸಿದ ಶಾಸನದಲ್ಲಿ, ಅವಸರದ ಸಮಯದಲ್ಲಿ ಗುರುವಲ್ಲದವನು, ಹೆಂಗಸು, ಕೊನೆಗೆ ಅನ್ಯಮತೀಯನು ಸಹ ಜ್ಞಾನಸ್ನಾನ ಕೊಡಬಹುದೆಂದು ಸ್ಪಷ್ಟವಾಗಿ ಹೇಳಿತು. ಅದೇ ಮಹಾಸಭೆ 1442ರಲ್ಲಿ ಈಜಿಪ್ಟಿನ ಕಾಪ್ಟ್ ಕ್ರೈಸ್ತರಿಗಾಗಿ ಹೊರಡಿಸಿದ ಇನ್ನೊಂದು ಶಾಸನದಲ್ಲಿ, ಸಾಯುವ ಮುನ್ನ ಸಭೆಗೆ ಸೇರದ ಅನ್ಯಮತೀಯರಿಗೆ ನಿತ್ಯಜೀವದಲ್ಲಿ ಪಾಲಿಲ್ಲವೆಂದೂ ಅವರು ಆರದ ಬೆಂಕಿಗೆ ಹೋಗುತ್ತಾರೆಂದೂ ಅಷ್ಟೇ ಸ್ಪಷ್ಟವಾಗಿ ಹೇಳಿತು. ಎರಡನ್ನೂ ಒಟ್ಟಿಗೆ ಓದಿದರೆ ನಮ್ಮ ಮನೆಯ ಲೆಕ್ಕ ಹೀಗಾಗುತ್ತದೆ: ಅಜ್ಜಿ ಮೊಮ್ಮಗನಿಗೆ ಸ್ವರ್ಗದ ಬಾಗಿಲು ತೆರೆಯಬಲ್ಲಳು, ಆದರೆ ತಾನು ಅದರೊಳಗೆ ಹೋಗಲಾರಳು.

ಆ ನೀರು ಬೀಳದಿದ್ದರೆ ಕೂಸಿನ ಗತಿ ಏನು? ಅದಕ್ಕೂ ಶಾಸ್ತ್ರದಲ್ಲಿ ದೀರ್ಘ ಚರಿತ್ರೆಯಿದೆ. ಐದನೆಯ ಶತಮಾನದ ಸಂತ ಅಗಸ್ಟೀನರು ಜ್ಞಾನಸ್ನಾನವಿಲ್ಲದ ಶಿಶುಗಳಿಗೂ ದಂಡನೆ ಉಂಟು, ಆದರೆ ಎಲ್ಲಕ್ಕಿಂತ ಹಗುರವಾದ ದಂಡನೆ ಎಂದರು. ಮಧ್ಯಯುಗದ ಪಂಡಿತರಿಗೆ ಅದೂ ಕಠಿಣವೆನ್ನಿಸಿ, ಲಿಂಬೊ ಎಂಬ ಒಂದು ಅಂಚಿನ ಲೋಕವನ್ನು ಊಹಿಸಿದರು: ಅಲ್ಲಿ ನೋವಿಲ್ಲ, ಒಂದು ಬಗೆಯ ಸುಖವೂ ಉಂಟು, ದೇವರ ದರ್ಶನ ಮಾತ್ರ ಇಲ್ಲ. ಅದು ವಿಧಿಸಿದ ಸಿದ್ಧಾಂತವಾಗಿರಲಿಲ್ಲ. ಆದರೂ ಎಷ್ಟೋ ತಾಯಂದಿರು ಅದನ್ನು ನಂಬಿ ಕಣ್ಣೀರು ಹಾಕಿದರು. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ, ಹದಿನಾರನೆಯ ಬೆನೆಡಿಕ್ಟ್ ಪೋಪರ ಒಪ್ಪಿಗೆಯಿಂದ ಒಂದು ದಾಖಲೆಯನ್ನು ಪ್ರಕಟಿಸಿ, ಇಂಥ ಶಿಶುಗಳೂ ದೇವರ ಸನ್ನಿಧಿಗೆ ಸೇರುತ್ತವೆಂದು ಆಶಿಸಲು ಬಲವಾದ ಆಧಾರಗಳಿವೆ ಎಂದಿತು. ಆ ಸುದ್ದಿ ಓದುವ ಹೊತ್ತಿಗೆ ನನ್ನ ತಾಯಿ ಇರಲಿಲ್ಲ.

ಕೂಸಿನ ವಿಷಯದಲ್ಲಿ ನಮ್ಮ ಮನೆಗೆ ಸಮಾಧಾನವಿತ್ತು. ಇರದಿದ್ದುದು ಅಜ್ಜಿಯ ವಿಷಯದಲ್ಲಿ. ಅವರು 1961ರಲ್ಲಿ ತೀರಿಕೊಂಡರು. ಸೋಮೇಶ್ವರನ ವಿಭೂತಿ ಹಣೆಯ ಮೇಲಿತ್ತು. ಕಲ್ಪಳ್ಳಿಯಲ್ಲಿ ಹಿಂದೂಗಳ ನೆಲವೂ ಕ್ರೈಸ್ತರ ನೆಲವೂ ದೂರದೂರವೇನಲ್ಲ. ಶವದ ಹಿಂದೆ ಹೋದ ತಾಯಿ ಅವತ್ತು ಎರಡು ಕಡೆಯೂ ನಿಂತು ಬಂದರು. ರಾತ್ರಿ ತಂದೆಯನ್ನು ಒಂದೇ ಪ್ರಶ್ನೆ ಕೇಳಿದರು: “ನಮ್ಮಮ್ಮ ಎಲ್ಲಿಗೆ ಹೋದರು?” ತಂದೆ ದೈವಭಕ್ತರು, ಸುಳ್ಳು ಹೇಳದವರು. ಉತ್ತರ ಕೊಡದೆ ಜಪಮಾಲೆ ಹಿಡಿದು ಕುಳಿತರು. ಹದಿನೈದು ವರ್ಷದ ನಾನು ಆ ಮೌನವನ್ನು ಮರೆತಿಲ್ಲ. ದೇವಶಾಸ್ತ್ರವೆಂಬುದು ಪುಸ್ತಕದ ವಿಷಯವಲ್ಲ, ಒಬ್ಬ ಮಗಳು ನಿದ್ದೆ ಮಾಡಬಹುದೋ ಬಾರದೋ ಎಂಬ ವಿಷಯ ಎಂದು ಅವತ್ತಿನಿಂದ ನನಗೆ ಅನ್ನಿಸಿದೆ.

ನ್ಯಾಯವಾಗಿ ಹೇಳಬೇಕಾದರೆ, ಸೂತ್ರವನ್ನು ಅಕ್ಷರಶಃ ಹಿಡಿಯುವುದನ್ನು ರೋಮ್ ಆ ಮೊದಲೇ ಒಪ್ಪಿರಲಿಲ್ಲ. ತಮ್ಮ ತಪ್ಪಿಲ್ಲದೆ ಸತ್ಯಧರ್ಮವನ್ನು ಅರಿಯದವರನ್ನು ದೇವರು ದಂಡಿಸುವುದಿಲ್ಲವೆಂದು ಒಂಬತ್ತನೆಯ ಪಯಸ್ ಪೋಪರು 1863ರಲ್ಲೇ ಬರೆದಿದ್ದರು. ಅಮೆರಿಕದ ಬಾಸ್ಟನ್ನಿನಲ್ಲಿ ಫೀನಿ ಎಂಬ ಪಾದ್ರಿ ಕ್ಯಾಥೊಲಿಕರಲ್ಲದ ಯಾರಿಗೂ ರಕ್ಷಣೆಯಿಲ್ಲವೆಂದು ಹಟ ಹಿಡಿದಾಗ, ಆ ಅರ್ಥ ಸಲ್ಲದೆಂದು 1949ರಲ್ಲಿ ರೋಮಿನಿಂದ ಪತ್ರ ಹೋಯಿತು. ಕರೆಸಿಕೊಂಡರೂ ಹೋಗದ ಅವರಿಗೆ 1953ರಲ್ಲಿ ಬಹಿಷ್ಕಾರವಾಯಿತು. ಸಭೆಯ ಹೊರಗೆ ರಕ್ಷಣೆಯಿಲ್ಲವೆಂದು ಸಾರುತ್ತ ಸಾರುತ್ತ ಅವರೇ ಸಭೆಯ ಹೊರಗಾದರು! ಹಲಸೂರಿನಲ್ಲಿ ನಾನು ಬಾಯಿಪಾಠ ಮಾಡುತ್ತಿದ್ದ ಕಾಲವೇ ಅದು. ಆ ಪತ್ರದ ಸುದ್ದಿ ನಮ್ಮ ಬೀದಿಯವರೆಗೆ ಬಂದಿರಲಿಲ್ಲ. 1964ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಸುವಾರ್ತೆಯನ್ನು ಅರಿಯದೆಯೂ ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸಿ ಅಂತಃಸಾಕ್ಷಿಯಂತೆ ನಡೆಯುವವರು ರಕ್ಷಣೆ ಪಡೆಯಬಲ್ಲರೆಂದು ಸಾರಿತು.

ಆದರೆ ಇಲ್ಲೊಂದು ತೊಡಕುಂಟು. ನಮ್ಮ ಅಜ್ಜಿ ಅರಿಯದವರಲ್ಲ. ಕ್ಯಾಥೊಲಿಕ ಮನೆಯಲ್ಲೇ ವರ್ಷಗಟ್ಟಲೆ ಇದ್ದು, ಉಪದೇಶವನ್ನೆಲ್ಲ ಕಿವಿಯಾರ ಕೇಳಿ, ಅದನ್ನು ನೆನಪಿಟ್ಟು ಆಚರಣೆಗೂ ತಂದು, ಆಮೇಲೆ ಸೋಮೇಶ್ವರನ ಗುಡಿಗೇ ಹೋದವರು. ಸಭೆಯ ಅವಶ್ಯಕತೆಯನ್ನು ತಿಳಿದೂ ಒಳಗೆ ಬರಲೊಪ್ಪದವರಿಗೆ ರಕ್ಷಣೆಯಿಲ್ಲ ಎಂಬ ಮಾತೂ ಅದೇ ಮಹಾಸಭೆಯ ಅದೇ ದಾಖಲೆಯಲ್ಲಿದೆ. ಅಜ್ಜಿ ಈ ಎರಡು ವಾಕ್ಯಗಳ ನಡುವೆ ನಿಂತಿದ್ದಾರೆ. ಕಿವಿಯಿಂದ ತಿಳಿಯುವುದು ಬೇರೆ, ಎದೆಗೆ ಸತ್ಯವೆಂದು ಹೊಳೆಯುವುದು ಬೇರೆ ಎಂದು ಪಂಡಿತರು ಬಿಡಿಸಿ ಹೇಳಿಯಾರು. ನನಗೂ ಹಾಗೆಯೇ ತೋರುತ್ತದೆ.

ಈ ತೊಡಕನ್ನು ಬಿಡಿಸಲು ನಮ್ಮ ಊರಿನಲ್ಲೇ ದೊಡ್ಡವರು ಕುಳಿತು ಯೋಚಿಸಿದ್ದಾರೆ. ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇದೆ. ಪ್ರಾಟೆಸ್ಟೆಂಟರಲ್ಲಿ ಪಿ. ಡಿ. ದೇವನಂದನ್ ಅವರು 1957ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಧರ್ಮ ಮತ್ತು ಸಮಾಜ ಅಧ್ಯಯನ ಸಂಸ್ಥೆಯ ಮೊದಲ ನಿರ್ದೇಶಕರಾಗಿ, ಹಿಂದೂಗಳೊಡನೆ ವಾದಕ್ಕಲ್ಲ, ಸಂವಾದಕ್ಕೆ ಕೂರಬೇಕೆಂದು ದಾರಿ ತೋರಿದರು. ಕಾರ್ಕಳದಲ್ಲಿ 1920ರಲ್ಲಿ ಹುಟ್ಟಿ ಇದೇ ಕಾಲೇಜಿನಲ್ಲಿ ಓದಿದ ಸ್ಟ್ಯಾನ್ಲಿ ಸಮರ್ಥ ಅವರು ಜಿನೀವದ ಜಾಗತಿಕ ಸಭೆಗಳ ಒಕ್ಕೂಟದಲ್ಲಿ ಅನ್ಯಮತಗಳೊಡನೆ ಸಂವಾದದ ವಿಭಾಗವನ್ನು ಕಟ್ಟಿದವರು. ದೇವರ ರಹಸ್ಯವನ್ನು ಯಾವ ಒಂದು ಮತವೂ ಪೂರ್ತಿಯಾಗಿ ತನ್ನದೆನ್ನಲಾರದು ಎಂಬುದು ಅವರ ನಿಲುವು. ದಕ್ಷಿಣ ಭಾರತ ಸಭೆಯ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ ಇದನ್ನು ಒಪ್ಪಲಿಲ್ಲ. ಕ್ರಿಸ್ತನೊಬ್ಬನೇ ಎಂಬುದನ್ನು ಸಡಿಲಿಸಲಾಗದು ಎಂದರು. ಅವರೂ ಸಹ, ಸತ್ತ ಮೇಲೆ ಯಾರ ಗತಿ ಏನೆಂಬುದು ದೇವರೊಬ್ಬನೇ ಉತ್ತರಿಸಬೇಕಾದ ಪ್ರಶ್ನೆ, ನಾವು ತೀರ್ಪು ಕೊಡಲು ಹೋಗಬಾರದು ಎಂದೇ ಬರೆದರು. ಕ್ಯಾಥೊಲಿಕರಲ್ಲಿ ಅಮಲೋರ್ಪವದಾಸ್ ಎಂಬ ಗುರುಗಳು 1967ರಲ್ಲಿ ನಗರದ ಪೂರ್ವಭಾಗದ ಹಚಿನ್ಸ್ ರಸ್ತೆಯಲ್ಲಿ ಒಂದು ರಾಷ್ಟ್ರೀಯ ಕೇಂದ್ರವನ್ನು ತೆರೆದರು. ನೆಲದ ಮೇಲೆ ಕುಳಿತು, ಕೈಮುಗಿದು, ಆರತಿ ಎತ್ತಿ ಪೂಜೆ ಸಲ್ಲಿಸುವುದಕ್ಕೆ 1969ರಲ್ಲಿ ರೋಮಿನ ಅನುಮತಿಯೂ ದೊರೆಯಿತು. ಅಜ್ಜಿ ಬದುಕಿದ್ದು ಅದನ್ನು ನೋಡಿದ್ದರೆ, ಇದನ್ನು ಕಲಿಯಲು ಇಷ್ಟು ವರ್ಷ ಬೇಕಾಯಿತೆ ಎಂದು ಕೇಳುತ್ತಿದ್ದರೇನೋ.

ಇದೆಲ್ಲ ಕ್ರೈಸ್ತರ ಮನೆಯ ಜಗಳ, ನಮಗೇನು ಎಂದು ವಾಚಕರು ಅನ್ನಬಾರದು. ಮರಿಕೋತಿಯಂತೆ ಜೀವ ತಾನೇ ದೇವರನ್ನು ಅವಚಿಕೊಳ್ಳಬೇಕೋ, ಬೆಕ್ಕಿನ ಮರಿಯಂತೆ ಸುಮ್ಮನಿದ್ದರೆ ಅವನೇ ಎತ್ತಿಕೊಳ್ಳುವನೋ ಎಂದು ಶ್ರೀವೈಷ್ಣವರ ಎರಡು ಕಲೆಗಳು ಶತಮಾನಗಳಿಂದ ವಾದಿಸಿವೆ. ಉಡುಪಿಯ ಆಚಾರ್ಯ ಮಧ್ವರು ಜೀವರಲ್ಲಿ ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಮೂರು ವರ್ಗ ಮಾಡಿ, ಕೊನೆಯವರಿಗೆ ಬಿಡುಗಡೆಯೇ ಇಲ್ಲವೆಂದರು. ಬಾಗಿಲು ಯಾರಿಗೆ ಎಂಬ ಪ್ರಶ್ನೆ ಜೋರ್ಡಾನ್ ನದಿಯ ದಡದಲ್ಲಿ ಮಾತ್ರ ಹುಟ್ಟಿದ್ದಲ್ಲ.

ಮಲ್ಲೇಶ್ವರದ ನನ್ನ ಸ್ನೇಹಿತರೊಬ್ಬರು ಇದನ್ನೆಲ್ಲ ಕೇಳಿ, “ಎಲ್ಲ ನದಿಯೂ ಸೇರುವುದು ಸಮುದ್ರವನ್ನೇ, ಇಷ್ಟು ತಲೆನೋವು ಏಕೆ?” ಎಂದರು. ಮಾತು ಉದಾರವಾಗಿದೆ. ಆದರೆ ಅಜ್ಜಿಗೆ ಎಲ್ಲವೂ ಒಂದೇ ಆಗಿರಲಿಲ್ಲ. ಆಗಿದ್ದರೆ ಮಗಳ ಮತಕ್ಕೆ ಸೇರಿಕೊಳ್ಳಲು ಏನು ಅಡ್ಡಿಯಿತ್ತು? ಜರ್ಮನಿಯ ಪಂಡಿತ ಕಾರ್ಲ್ ರಾನರ್ ಇನ್ನೊಂದು ದಾರಿ ಹೇಳಿದರು: ಇಂಥವರು ತಮಗೇ ತಿಳಿಯದ, ಹೆಸರಿಲ್ಲದ ಕ್ರೈಸ್ತರು. ಇದೂ ಪ್ರೀತಿಯ ಮಾತೇ. ಆದರೆ ಅಜ್ಜಿಯನ್ನು ಹಾಗೆ ಕರೆದಿದ್ದರೆ, ನನಗೆ ಹೆಸರಿಲ್ಲವೆ ಎಂದು ಕೇಳುತ್ತಿದ್ದರು. ಇಬ್ಬರೂ ಅಜ್ಜಿಯನ್ನು ಉಳಿಸಲು ಹೋಗಿ, ಅವರು ಅಜ್ಜಿಯಾಗಿದ್ದುದನ್ನೇ ಅಳಿಸುತ್ತಾರೆಂದು ನನ್ನ ಭಾವನೆ.

ಹಳೆಯ ಕಠಿಣ ಬೋಧನೆಯನ್ನು ಈಗ ಹಳಿಯುವುದು ಸುಲಭ. ನಾನು ಹಳಿಯಲಾರೆ. ಏಕೆಂದರೆ ಫ್ಲಾರೆನ್ಸಿನ ಆ ಎರಡು ಶಾಸನಗಳು ಬೇರೆ ಬೇರೆ ಬೇರಿನಿಂದ ಬಂದವಲ್ಲ. ಬಾಗಿಲು ಅಷ್ಟು ಕಿರಿದೆಂದು ಸಭೆ ನಂಬಿದ್ದರಿಂದಲೇ, ಒಂದು ಕೂಸೂ ಹೊರಗುಳಿಯಬಾರದೆಂಬ ಆತಂಕದಿಂದ, ಅದರ ಕೀಲಿಕೈಯನ್ನು ಎಲ್ಲರ ಕೈಗೂ ಕೊಟ್ಟಿತು. ಗುರುವಿಗೆ ಮಾತ್ರ ಎನ್ನಲಿಲ್ಲ, ಗಂಡಸಿಗೆ ಮಾತ್ರ ಎನ್ನಲಿಲ್ಲ, ಕ್ರೈಸ್ತನಿಗೆ ಮಾತ್ರ ಎಂದೂ ಅನ್ನಲಿಲ್ಲ. ಮೇಜಿನ ಮುಂದೆ ಕುಳಿತು, ಕಾಣದ ಜನರ ವಿಷಯ ಬರೆಯುವಾಗ ಸಭೆಯ ಕೈ ಬಿಗಿಯಾಯಿತು. ಸಾಯುವ ಕೂಸಿನ ಹಾಸಿಗೆಯ ಪಕ್ಕದಲ್ಲಿ ನಿಂತಾಗ ಅದೇ ಕೈ ತೆರೆಯಿತು. ಎರಡರಲ್ಲಿ ಯಾವುದು ಸಭೆಯ ನಿಜವಾದ ಮನಸ್ಸೆಂದು ಕೇಳಿದರೆ ನಾನು ಹಾಸಿಗೆಯ ಪಕ್ಕದ್ದೇ ಎನ್ನುತ್ತೇನೆ. ಕಡೆಯ ದಿನದ ನ್ಯಾಯತೀರ್ಪಿನ ವಿಷಯವಾಗಿ ಮತ್ತಾಯನ ಸುವಾರ್ತೆಯಲ್ಲಿ ಬರುವ ಪ್ರಸಂಗವೂ ಇದರ ಕಡೆಗೇ ಇದೆ: ಹಸಿದವನಿಗೆ ಉಣಿಸಿದವರನ್ನು ಒಳಗೆ ಕರೆದಾಗ, ನಿನಗೆ ನಾವು ಯಾವಾಗ ಉಣಿಸಿದೆವೆಂದು ಅವರೇ ಆಶ್ಚರ್ಯಪಡುತ್ತಾರೆ.

ಇಷ್ಟರಿಂದ ಅಜ್ಜಿಗೆ ಮೋಕ್ಷ ಸಿಕ್ಕಿತೆಂದು ಸಾಧಿಸಿದಂತಾಗಲಿಲ್ಲ. ಅದನ್ನು ಸಾಧಿಸುವುದು ನನ್ನ ಕೆಲಸವೂ ಅಲ್ಲ. ನಾನು ಹೇಳಬಲ್ಲದ್ದು ಇಷ್ಟೆ. ಒಂದು ಮನೆಯವರು ಅತ್ಯಂತ ಕಷ್ಟದ ಗಳಿಗೆಯಲ್ಲಿ ಯಾರ ಕೈಗೆ ಕೀಲಿಕೈ ಕೊಡುತ್ತಾರೋ ಅವರನ್ನು ಪರಕೀಯರೆಂದು ಯಾರೂ ಕರೆಯುವುದಿಲ್ಲ. ಬೇರೆ ಹೆಸರಿಟ್ಟು ಒಳಕ್ಕೆ ಸೇರಿಸಿಕೊಳ್ಳುವ ಅಗತ್ಯವೂ ಇಲ್ಲ. ಅವರ ಹೆಸರಿನಿಂದಲೇ, ಅವರ ಹಣೆಯ ವಿಭೂತಿಯೊಡನೆಯೇ ಅವರನ್ನು ಕರೆಯಲು ಮನೆಯ ಯಜಮಾನನಿಗೆ ಸಂಕೋಚವಾಗದು. ಶಾಸ್ತ್ರ ಇನ್ನೂ ವಾದಿಸುತ್ತಲೇ ಇರಲಿ; ವಾದ ಅದರ ಧರ್ಮ. ನನ್ನ ತಾಯಿಯ ಪ್ರಶ್ನೆಗೆ ತಂದೆಯವರು ಕೊಡಲಾರದೆ ಹೋದ ಉತ್ತರವನ್ನು, ಎಂಬತ್ತರ ಅಂಚಿನಲ್ಲಿರುವ ನಾನು ಈಗ ಅಂಜದೆ ಕೊಡುತ್ತೇನೆ: ಕೂಸು ಎಲ್ಲಿಗೆ ಹೋಯಿತೋ, ಅಲ್ಲಿಗೆ.